ಸೈಪ್ರಸ್‌ನ ಕೊನೇ ರಾಣಿ ಕತರೀನಾ ಕೊರ್ನಾರೊ: ಪದೇ ಪದೇ ಕೇಳೋ ಪ್ರಶ್ನೆಗಳು

ಈ ರಾಣಿ ಬಗ್ಗೆ ಮಾತು ಶುರುವಾದ್ರೆ ಸಾಕು, ಅದೇ ಒಂದಿಷ್ಟು ಪ್ರಶ್ನೆಗಳು ಸುತ್ತಿ ಸುತ್ತಿ ಬರ್ತವೆ. ವಿಷ ಹಾಕಿದ್ರಾ, ದತ್ತು ತಗೊಂಡಿದ್ದು ನಿಜಾನಾ, ಪಾಪ ಅಷ್ಟು ಅತ್ಲಾ, ಇಂಥವು. ಕೇಳಿದವರು ಹೆಂಗೆ ಕೇಳಿದ್ರೋ ಹಂಗೇ ಇಟ್ಟಿದೀನಿ. ಯಾವ ಉತ್ತರದಿಂದ ಬೇಕಾದ್ರೂ ಓದೋಕೆ ಶುರು ಮಾಡ್ಬಹುದು, ಆದ್ರೆ ಹೆಸರುಗಳು ಹೊಸದು ಅನ್ಸಿದ್ರೆ ಮೇಲಿಂದ ಬನ್ನಿ.

## ಮೊದಲು ಬೇಸಿಕ್

ಯಾರಪ್ಪಾ ಇವಳು? ಒಂದೇ ಉಸಿರಲ್ಲಿ ಹೇಳಿ

ವೆನಿಸ್‌ನ ಶ್ರೀಮಂತ ಮನೆತನದಲ್ಲಿ 1454ರಲ್ಲಿ ಹುಟ್ಟಿದವಳು, 13ನೇ ವಯಸ್ಸಿಗೆ ಸೈಪ್ರಸ್ ರಾಜ ಎರಡನೇ ಜೇಮ್ಸ್ ಜೊತೆ ಮದುವೆ, 18ಕ್ಕೆ ಗಂಡನ ಮನೆಗೆ, 19 ತುಂಬೋ ಹೊತ್ತಿಗೆ ವಿಧವೆ, ಆಮೇಲೆ ಮಗನೂ ಹೋದ, 1489ರವರೆಗೂ ರಾಣಿಯಾಗಿದ್ಲು, ಆಮೇಲೆ ತವರಿನವರೇ ಸಿಂಹಾಸನದಿಂದ ಇಳಿಸಿ ದೇಶಾನ ತಾವು ಇಟ್ಕೊಂಡ್ರು. ಬದಲಿಗೆ ಬೆಟ್ಟದ ಮೇಲಿನ ಅಸೋಲೊ ಅನ್ನೋ ಚಿಕ್ಕ ಊರು ಕೊಟ್ರು. 1510ರಲ್ಲಿ ವೆನಿಸ್‌ನಲ್ಲೇ ತೀರ್ಕೊಂಡ್ಲು. ಕೆಲವು ಕಡೆ ಕೋರ್ನರ್ ಅಂತ ಬರೆದಿರ್ತಾರೆ, ಅದು ವೆನಿಸ್‌ನವರು ಹೇಳೋ ರೀತಿ, ಮನೆತನ ಒಂದೇ.

ಸೈಪ್ರಸ್ ಗ್ರೀಕರದ್ದು ಅಲ್ವಾ, ಅಲ್ಲಿ ಯಾರು ಈ ಜೇಮ್ಸ್?

ಜನ ಗ್ರೀಕರು, ಆಳೋರು ಫ್ರೆಂಚ್ ಮೂಲದ ಲುಸಿನ್ಯಾನ್ ವಂಶದವರು. 1191ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್ ಕ್ರುಸೇಡ್‌ಗೆ, ಅಂದ್ರೆ ಜೆರುಸಲೇಂಗಾಗಿ ಕ್ರೈಸ್ತರು ಮಾಡ್ತಿದ್ದ ಧರ್ಮಯುದ್ಧಕ್ಕೆ ಹೋಗ್ತಾ ದಾರಿಯಲ್ಲಿ ಈ ದ್ವೀಪ ಗೆದ್ದ, ಮುಂದಿನ ವರ್ಷ ಅದು ಗೀ ದ ಲುಸಿನ್ಯಾನ್ ಅನ್ನೋನ ಕೈಗೆ ಬಂತು, ಅಲ್ಲಿಂದ ಸುಮಾರು ಮುನ್ನೂರು ವರ್ಷ ಅದೇ ವಂಶ. ಬಿರುದು ಮಾತ್ರ ಭಾರಿ, ಸೈಪ್ರಸ್, ಜೆರುಸಲೇಂ, ಅರ್ಮೇನಿಯಾ ಮೂರಕ್ಕೂ ರಾಜ ಅಂತ. ಜೆರುಸಲೇಂ ಕೈಬಿಟ್ಟು ಎಷ್ಟೋ ಕಾಲ ಆಗಿತ್ತು. 1426ರಲ್ಲಿ ಈಜಿಪ್ಟಿನ ಮಮ್ಲೂಕ್ ಸುಲ್ತಾನನ ಸೈನ್ಯ ಬಂದು ರಾಜನ್ನೇ ಹಿಡ್ಕೊಂಡು ಕೈರೋಗೆ ಹೋಗಿದ್ರಿಂದ, ಆಮೇಲೆ ವರ್ಷ ವರ್ಷ ಕಪ್ಪ ಬೇರೆ ಕಟ್ಟಬೇಕಿತ್ತು.

ಜೇಮ್ಸ್ ಪಟ್ಟದ ರಾಣಿ ಮಗ ಅಲ್ಲ. ರಾಜ ಎರಡನೇ ಜಾನ್ ಇಟ್ಕೊಂಡಿದ್ದ ಮರಿಯೆಟ್ಟಾ ಅನ್ನೋಳ ಮಗ. ಪಟ್ಟದ ರಾಣಿ ಹೆಲೆನಾ ಸಿಟ್ಟಲ್ಲಿ ಈ ಮರಿಯೆಟ್ಟಾಳ ಮೂಗೇ ಕೊಯ್ಸಿದ್ಲು ಅಂತ ಕಥೆ ಇದೆ. ಅಪ್ಪ ಇವನನ್ನ ಹರೆಯದಲ್ಲೇ ನಿಕೋಸಿಯಾದ ಆರ್ಚ್‌ಬಿಷಪ್ ಮಾಡಿಬಿಟ್ಟಿದ್ದ. ಜಾನ್ 1458ರಲ್ಲಿ ಸತ್ತಾಗ ಪಟ್ಟ ಹೋಗಿದ್ದು ಪಟ್ಟದ ರಾಣಿ ಮಗಳು ಷಾರ್ಲೆಟ್‌ಗೆ. ಜೇಮ್ಸ್ ಸೀದಾ ಕೈರೋಗೆ ಓಡಿಹೋಗಿ, ಸುಲ್ತಾನನ ಹಡಗು, ಸೈನ್ಯ ತಂದು 1460ರಲ್ಲಿ ತಂಗಿಯನ್ನ ಮೂಲೆಗೆ ತಳ್ಳಿ ತಾನೇ ರಾಜ ಆದ. ಜಿನೋವಾದವರ ಕೈಲಿದ್ದ ಫಾಮಗುಸ್ತಾ ಬಂದರನ್ನೂ 1464ರಲ್ಲಿ ಕಿತ್ಕೊಂಡ. ಗಟ್ಟಿಗ ಅಂತೂ ಹೌದು, ಆದ್ರೆ ಕೂತಿದ್ದ ಗದ್ದುಗೆ ಅಲುಗಾಡ್ತಿತ್ತು, ಜೇಬು ಖಾಲಿ.

ಮಧ್ಯಯುಗ ಅಂತೀರಾ, ಆದ್ರೆ 1500 ಅಂದ್ರೆ ರಿನೈಸಾನ್ಸ್ ಅಲ್ವಾ?

ಎರಡೂ ಹೌದು ಅನ್ನಿ. ಅವಳ ರಾಜ್ಯ ಪೂರ್ತಿ ಮಧ್ಯಯುಗದ್ದು, ಕ್ರುಸೇಡ್ ಹುಟ್ಟಿಸಿದ ರಾಜ್ಯಗಳಲ್ಲಿ ಕೊನೇಲಿ ಉಳಿದಿದ್ದು ಅದೇ. ಅವಳ ಆಸ್ಥಾನ, ಚಿತ್ರ, ಕವಿಗಳು ಇದೆಲ್ಲ ಅಸೋಲೊ ಕಾಲದ್ದು, ಅದು ರಿನೈಸಾನ್ಸ್. ಒಂದೇ ಜೀವನದಲ್ಲಿ ಎರಡೂ ಬಂದುಬಿಟ್ಟಿದೆ.

## ಮದುವೆ

ಅಷ್ಟು ದೂರದ ರಾಜನಿಗೆ ವ್ಯಾಪಾರಿ ಮನೆ ಹುಡುಗಿ ಹೆಂಗೆ ಸಿಕ್ಕಿದ್ಲು? ಲವ್ವಾ?

ಲವ್ ಅಲ್ಲ, ಸಕ್ಕರೆ! ಕೊರ್ನಾರೊ ಮನೆತನದವರಿಗೆ ಸೈಪ್ರಸ್ ದಕ್ಷಿಣ ತೀರದ ಎಪಿಸ್ಕೋಪಿಯಲ್ಲಿ 14ನೇ ಶತಮಾನದಿಂದಲೇ ಕಬ್ಬಿನ ತೋಟ ಇತ್ತು, ಅದೂ ಸೈಪ್ರಸ್ ರಾಜನಿಗೆ ಸಾಲ ಕೊಟ್ಟಿದ್ದಕ್ಕೆ ಸಿಕ್ಕಿದ್ದು. ಕಬ್ಬು ಅರೆಯೋ ಗಾಣ, ಹಾಲು ಕುದಿಸೋ ಒಲೆ ಎಲ್ಲಾ ಅಲ್ಲೇ. ಪಕ್ಕದಲ್ಲೇ ಕೊಲೊಸ್ಸಿಯಲ್ಲಿ ಹಾಸ್ಪಿಟಲರ್ ಅನ್ನೋ ಕ್ರೈಸ್ತ ಯೋಧ ಸಂಘದ ನೈಟ್‌ಗಳದ್ದೂ ಕಬ್ಬಿನ ಗದ್ದೆ, ಇಬ್ಬರ ಮಧ್ಯೆ ಹೊಳೆ ನೀರಿಗಾಗಿ ವರ್ಷಗಟ್ಟಲೆ ಜಗಳ. ಕಬ್ಬು ಬೆಳೆಯೋ ಊರಿನವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಕತರೀನಾಳ ಅಪ್ಪ ಮಾರ್ಕೊ, ಚಿಕ್ಕಪ್ಪ ಆಂದ್ರೆಯಾ ಇಬ್ಬರಿಗೂ ಸೈಪ್ರಸ್ ಅಂದ್ರೆ ಮನೆ ಅಂಗಳ ಇದ್ದಂಗೆ. ಆಂದ್ರೆಯಾ ಅಲ್ಲೇ ಇದ್ದ, ಜೇಮ್ಸ್‌ಗೆ ದುಡ್ಡು ಕೊಡ್ತಿದ್ದ, ಸಲಹೆ ಕೊಡ್ತಿದ್ದ, ಹೆಣ್ಣೂ ತೋರಿಸಿದ. ಅಮ್ಮ ಫಿಯೊರೆಂಜಾ ಕ್ರಿಸ್ಪೊ ಏಜಿಯನ್ ಸಮುದ್ರದ ನಾಕ್ಸೋಸ್ ಡ್ಯೂಕ್‌ಗಳ ಕುಟುಂಬದವಳು, ಹಂಗಾಗಿ ಬರೀ ವ್ಯಾಪಾರಿ ಮನೆ ಅಂತಾನೂ ಹೇಳೋಕಾಗಲ್ಲ. ವರದಕ್ಷಿಣೆ ಒಂದು ಲಕ್ಷ ಡ್ಯುಕಟ್, ಅಂದ್ರೆ ವೆನಿಸ್‌ನ ಬಂಗಾರದ ನಾಣ್ಯ. ಕೈ ಬಿಗಿ ಇದ್ದ ರಾಜನಿಗೆ ಇದಕ್ಕಿಂತ ಚಂದದ ಪ್ರಪೋಸಲ್ ಎಲ್ಲಿ ಸಿಗ್ಬೇಕು.

ಗಂಡನೇ ಇಲ್ದೆ ಮದುವೆ ಆಯ್ತಂತೆ, ಹೌದಾ?

ಹೌದು, ಆ ಕಾಲದಲ್ಲಿ ರಾಜಮನೆತನಗಳಲ್ಲಿ ಅದು ಮಾಮೂಲು. 1468ರ ಜುಲೈ 30ಕ್ಕೆ ವೆನಿಸ್‌ನ ಡೋಜ್ ಅರಮನೆಯಲ್ಲಿ ಜೇಮ್ಸ್ ಪರವಾಗಿ ಅವನ ರಾಯಭಾರಿ ಉಂಗುರ ಕೊಟ್ಟ, ಡೋಜ್ ಕ್ರಿಸ್ಟೋಫೊರೊ ಮೊರೊ ಎದುರಿಗೇ ಇದ್ದ. ಡೋಜ್ ಅಂದ್ರೆ ವೆನಿಸ್ ಗಣರಾಜ್ಯದ ಮುಖ್ಯಸ್ಥ, ಗದ್ದುಗೆ ಮೇಲೆ ಕೂರ್ತಿದ್ದ ಆದ್ರೆ ರಾಜ ಅಲ್ಲ, ಆರಿಸಿ ಬಂದವನು. ಹುಡುಗಿ ಉಂಗುರ ಹಾಕ್ಕೊಂಡು ಅಪ್ಪನ ಮನೆಗೆ ವಾಪಸ್ ಹೋದ್ಲು. ಆಮೇಲೆ ನಾಲ್ಕು ವರ್ಷ ಗಂಡನ ಕಡೆಯಿಂದ ಕರೆಯೇ ಇಲ್ಲ! ಅವನು ಅಷ್ಟರಲ್ಲಿ ನೇಪಲ್ಸ್ ರಾಜನ ಕಡೆ ಬೇರೆ ಸಂಬಂಧ ನೋಡ್ತಿದ್ದ. ವೆನಿಸ್ ಖಡಕ್ಕಾಗಿ ಎಚ್ಚರಿಕೆ ಕೊಟ್ಮೇಲೆ ದಾರಿಗೆ ಬಂದ. 1472ರ ಕೊನೇಲಿ ಅವಳು ಹಡಗು ಹತ್ತಿದ್ಲು, ಫಾಮಗುಸ್ತಾದಲ್ಲಿ ಮತ್ತೆ ಮದುವೆ ಶಾಸ್ತ್ರ ಆಯ್ತು.

'ಗಣರಾಜ್ಯದ ಮಗಳು' ಅಂದ್ರೆ ಏನು? ಸರ್ಕಾರ ಯಾರನ್ನಾದ್ರೂ ದತ್ತು ತಗೊಳುತ್ತಾ?

ವೆನಿಸ್ ತಗೊಂಡಿತು. ಅವಳನ್ನ ವೆನಿಸ್ ಕಾಯೋ ಸಂತ ಮಾರ್ಕನ ಮಗಳು, ಅಂದ್ರೆ ವೆನಿಸ್ ಗಣರಾಜ್ಯದ ದತ್ತುಮಗಳು ಅಂತ ಘೋಷಿಸಿದ್ರು. ನೋಡೋಕೆ ಗೌರವ, ವ್ಯಾಪಾರಿ ಮಗಳು ಸಮಾನಸ್ಥಳಾಗಿ ರಾಜನ ಕೈ ಹಿಡಿದಂಗಾಯ್ತು. ಒಬ್ಬ ಬಿಷಪ್ ಆಗಲೇ, ಸಂತ ಮಾರ್ಕನಿಗೆ ಮದುವೆ ಆಗಿದ್ದೇ ನಂಗೆ ಗೊತ್ತಿರಲಿಲ್ವಲ್ಲ ಅಂತ ಚುಚ್ಚಿದ್ದ ಅಂತಾರೆ.

ಆದ್ರೆ ಅಸಲಿ ಆಟ ಇರೋದು ಇಲ್ಲೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತೀವಿ, ವೆನಿಸ್ ಅದನ್ನ ಉಲ್ಟಾ ಮಾಡ್ತು, ಹೆಣ್ಣು ಕೊಟ್ಟೂ ಕುಲದೊಳಗೇ ಇಟ್ಕೊಳ್ತು. ಮಗಳಿಗೆ ವಾರಸುದಾರರಿಲ್ದೆ ಹೋದ್ರೆ ಆಸ್ತಿ ಯಾರಿಗೆ? ಅಪ್ಪನಿಗೆ. ಇಲ್ಲಿ ಅಪ್ಪ ಅಂದ್ರೆ ಒಂದು ಸರ್ಕಾರ, ಆಸ್ತಿ ಅಂದ್ರೆ ಒಂದು ದೇಶ. 1468ರಲ್ಲೇ ಎಲ್ಲಾ ಲೆಕ್ಕ ಹಾಕಿದ್ರು ಅಂತ ನಾನು ಹೇಳಲ್ಲ, ಜೇಮ್ಸ್ ಅಷ್ಟು ಬೇಗ ಸಾಯ್ತಾನೆ ಅಂತ ಯಾರಿಗೆ ಗೊತ್ತಿತ್ತು. ಬಾಗಿಲು ಮಾತ್ರ ತೆಗೆದೇ ಇಟ್ಟಿದ್ರು.

## ಸೈಪ್ರಸ್‌ನಲ್ಲಿ

ಗಂಡ ಸತ್ತಿದ್ದು ಹೇಗೆ? ವಿಷ ಹಾಕಿದ್ರು ಅಂತ ಎಲ್ಲಾ ಕಡೆ ಓದ್ತೀನಿ

ಅವಳು ಬಂದು ವರ್ಷವೂ ಆಗಿರಲಿಲ್ಲ, 1473ರ ಜುಲೈನಲ್ಲಿ ಫಾಮಗುಸ್ತಾದಲ್ಲಿ ಜೇಮ್ಸ್ ಕಾಯಿಲೆ ಬಿದ್ದು ಸತ್ತ, ವಯಸ್ಸು ಮೂವತ್ತು ದಾಟಿತ್ತು ಅಷ್ಟೆ. ಅವಳು ತುಂಬಿದ ಬಸುರಿ. ಆಗಸ್ಟಲ್ಲಿ ಮಗ ಹುಟ್ಟಿದ, ಮೂರನೇ ಜೇಮ್ಸ್, ಹುಟ್ಟಿದಾಗಿಂದಲೇ ರಾಜ. ಒಂದು ವರ್ಷ ಆಗೋ ಹೊತ್ತಿಗೆ, 1474ರ ಆಗಸ್ಟಲ್ಲಿ, ಅದೂ ಹೋಯ್ತು.

ಎರಡೂ ಸಾವಿನಿಂದ ಲಾಭ ಆಗಿದ್ದು ವೆನಿಸ್‌ಗೆ, ಅದಕ್ಕೇ ಆಗಿನ ಕಾಲದಿಂದಲೂ ಗುಸುಗುಸು ಇದೆ. ಪ್ರೂಫ್ ಇಲ್ಲ. ಫಾಮಗುಸ್ತಾ ಸುತ್ತಮುತ್ತ ಜೌಗು, ಬೇಸಿಗೆಯಲ್ಲಿ ಭೇದಿ, ಚಳಿಜ್ವರ ಎಲ್ಲಾ ಇದ್ದಿದ್ದೇ, ಎರಡು ಸಾವೂ ಬೇಸಿಗೆಯಲ್ಲೇ ಆಗಿರೋದು ನೋಡಿ. ಅದೂ ಅಲ್ದೆ 1473ರಲ್ಲಿ ಜೇಮ್ಸ್‌ನ ಕೊಲ್ಲೋದು ವೆನಿಸ್‌ಗೆ ದಡ್ಡತನ, ವಾರಸುದಾರ ಇನ್ನೂ ಹೊಟ್ಟೇಲಿದ್ದ. ನಂಗಂತೂ ವಿಷದ ಕಥೆ ನಂಬಿಕೆ ಬರಲ್ಲ. ಅಪ್ಪ ಮಗ ಇಬ್ಬರನ್ನೂ ಮಣ್ಣು ಮಾಡಿದ್ದು ಫಾಮಗುಸ್ತಾದ ಸಂತ ನಿಕೋಲಸ್ ಕೆಥೆಡ್ರಲ್‌ನಲ್ಲಿ, ಆ ಕಟ್ಟಡ ಈಗ ಲಾಲಾ ಮುಸ್ತಫಾ ಪಾಷಾ ಮಸೀದಿ.

1473ರ ನವೆಂಬರ್‌ನಲ್ಲಿ ಅರಮನೆಯಲ್ಲಿ ಏನು ರಕ್ತಪಾತ?

ಜೇಮ್ಸ್ ಆಸ್ಥಾನದಲ್ಲಿ ಕಟಲಾನ್, ಸಿಸಿಲಿ, ನೇಪಲ್ಸ್ ಕಡೆಯವರದ್ದು ಒಂದು ಗುಂಪಿತ್ತು, ಅವರಿಗೆ ವೆನಿಸ್ ಅಂದ್ರೆ ಆಗ್ತಿರಲಿಲ್ಲ. ನವೆಂಬರ್ 13ರ ರಾತ್ರಿ ಕಳೆದು ಬೆಳಗಾಗೋದ್ರೊಳಗೆ ಅರಮನೆಗೆ ನುಗ್ಗಿದ್ರು. ರಾಣಿಯ ವೈದ್ಯನ್ನ ಅವಳ ಕಣ್ಣೆದುರಿಗೇ ಕಡಿದು ಹಾಕಿದ್ರು. ಚಿಕ್ಕಪ್ಪ ಆಂದ್ರೆಯಾನ್ನೂ ಸಂಬಂಧಿಕ ಮಾರ್ಕೊ ಬೆಂಬೊನ್ನೂ ಕೊಂದು ಹೆಣಗಳನ್ನ ಕೋಟೆ ಕಂದಕಕ್ಕೆ ಎಸೆದ್ರು. ಕೆಲವೇ ತಿಂಗಳ ಕೂಸನ್ನ ಅವಳಿಂದ ಕಿತ್ಕೊಂಡ್ರು. ಪ್ಲಾನ್ ಏನಂದ್ರೆ, ಜೇಮ್ಸ್‌ಗೆ ಬೇರೆ ಹೆಂಗಸರಲ್ಲಿ ಹುಟ್ಟಿದ ಮಗಳನ್ನ ನೇಪಲ್ಸ್ ರಾಜ ಫೆರಾಂಟೆಯ ಮಗ ಅಲ್ಫೋನ್ಸೊಗೆ ಕೊಟ್ಟು ಸೈಪ್ರಸ್ ಅವನ ಕೈಗಿಡೋದು. ಆ ಅಲ್ಫೋನ್ಸೊ ಕೂಡ ಪಟ್ಟದ ರಾಣಿ ಮಗ ಅಲ್ಲ. ಪಿತೂರಿಯ ಮುಂದಾಳು ಯಾರು ಗೊತ್ತಾ, ನಿಕೋಸಿಯಾದ ಆರ್ಚ್‌ಬಿಷಪ್ಪೇ.

ಜನ ಇವರ ಬೆನ್ನಿಗೆ ನಿಲ್ಲಲಿಲ್ಲ. ವೆನಿಸ್ ನೌಕಾದಳಪತಿ ಪಿಯೆತ್ರೊ ಮೊಚೆನಿಗೊನ ಹಡಗುಗಳು ಬರ್ತಿವೆ ಅನ್ನೋ ಸುದ್ದಿ ಕೇಳಿ ತಲೆಗಳೆಲ್ಲ ಪರಾರಿ. ರಾಣಿ ಬಚಾವಾದ್ಲು, ಆದ್ರೆ ಬಚಾವ್ ಮಾಡೋಕೆ ಬಂದವರು ವಾಪಸ್ ಹೋಗಲೇ ಇಲ್ಲ.

ಹಾಗಾದ್ರೆ ಹದಿನೈದು ವರ್ಷ ಅವಳು ಬರೀ ಬೊಂಬೆನಾ?

ಅಧಿಕಾರದ ಲೆಕ್ಕದಲ್ಲಿ ಹೆಚ್ಚುಕಮ್ಮಿ ಹೌದು. 1474ರಿಂದ ವೆನಿಸ್ ಒಬ್ಬ ಪ್ರೊವೆದಿತೋರೆ ಮತ್ತೆ ಇಬ್ಬರು ಕೌನ್ಸಿಲರ್‌ಗಳನ್ನ ಕಳಿಸಿ ಕೂರಿಸ್ತು. ಪ್ರೊವೆದಿತೋರೆ ಅಂದ್ರೆ ಮಿಲಿಟರಿ ಉಸ್ತುವಾರಿ ಇರೋ ಕಮಿಷನರ್ ಥರ. ಕೋಟೆ ಅವನ ಕೈಲಿ, ಖಜಾನೆ ಕೌನ್ಸಿಲರ್‌ಗಳ ಕೈಲಿ, ಆಜ್ಞೆ ಹೊರಡೋದು ರಾಣಿ ಹೆಸರಲ್ಲಿ. ತನ್ನ ಅರಮನೆ ಖರ್ಚಿಗೂ ಅವರ ಮುಖ ನೋಡ್ಬೇಕು. ಅವಳು ಸುಮ್ನಿರಲಿಲ್ಲ, ನನ್ನನ್ನ ಹೀಗೆ ನಡೆಸ್ಕೊಳ್ತಿದಾರೆ ಅಂತ ವೆನಿಸ್‌ಗೆ ದೂರು ಬರೀತಾನೇ ಇದ್ಲು. ಜೇಮ್ಸ್‌ನ ಮದುವೆಯಾಚೆಯ ಮಕ್ಕಳ ಹೆಸರು ಅವನ ಉಯಿಲಲ್ಲಿ ವಾರಸುದಾರರ ಸಾಲಲ್ಲಿತ್ತು. ಅವರನ್ನೂ ವೆನಿಸ್‌ನವರು ಹಡಗು ಹತ್ತಿಸಿ ಇಟಲಿಗೆ ಸಾಗಿಸಿ ಕಾವಲಲ್ಲಿಟ್ರು.

ಬೊಂಬೆ ಅನ್ನೋ ಪದ ನಂಗೆ ಸರಿ ಬರಲ್ಲ ಯಾಕಂದ್ರೆ ಬೊಂಬೆ ಆಗಿದ್ರೆ 1488ರಲ್ಲಿ ವೆನಿಸ್ ಅಷ್ಟು ಗಾಬರಿ ಬೀಳ್ತಿರಲಿಲ್ಲ.

ಗಾಬರಿ ಯಾಕೆ? ಅವಳು ಸಾಯೋವರೆಗೂ ಕಾದಿದ್ರೆ ಹೇಗೂ ಸಿಕ್ತಿತ್ತಲ್ಲ

ಅವಳಿಗೆ ಆಗ ಬರೀ 34. ಮತ್ತೆ ಮದುವೆ ಆಗ್ಬಹುದು, ಮಗು ಆಗ್ಬಹುದು, ಮಗು ಆದ್ರೆ ವೆನಿಸ್‌ನ ವಾರಸುದಾರಿಕೆ ಲೆಕ್ಕ ಮುಗೀತು. ಅದೇ ಹೊತ್ತಿಗೆ ರಿತ್ಸೊ ದಿ ಮರೀನೊ ಅನ್ನೋನು, 1473ರ ಪಿತೂರಿಯಲ್ಲೂ ಇದ್ದವನು, ರಾಣಿಯನ್ನ ಅದೇ ನೇಪಲ್ಸ್ ಅಲ್ಫೋನ್ಸೊಗೆ ಕೊಡಿಸೋ ಪ್ರಯತ್ನದಲ್ಲಿ ಸೈಪ್ರಸ್‌ಗೆ ಬಂದು ಸಿಕ್ಕಿಬಿದ್ದ. ಜೊತೆಗಿದ್ದ ತ್ರಿಸ್ತಾನ್ ಜಿಬ್ಲೆ ದಾರಿಯಲ್ಲಿ ಉಂಗುರದ ವಜ್ರ ನುಂಗಿ ಸತ್ತ ಅಂತಾರೆ. ಈ ತ್ರಿಸ್ತಾನ್‌ನ ತಂಗಿ ರಾಣಿಯ ಸಖಿಯರಲ್ಲಿ ಒಬ್ಬಳು, ಹಂಗಾಗಿ ರಾಣಿಗೇ ಗೊತ್ತಿತ್ತಾ, ಒಪ್ಪಿಗೆ ಇತ್ತಾ ಅನ್ನೋದು ಇವತ್ತಿಗೂ ಇತಿಹಾಸಕಾರರ ಜಗಳ. ಇದರ ಜೊತೆಗೆ ಆಟೋಮನ್ ಹಡಗುಗಳು ಬೇರೆ ಆ ಸಮುದ್ರದಲ್ಲಿ ಓಡಾಡ್ತಿದ್ವು. ವೆನಿಸ್‌ನ ಭದ್ರತೆ ನೋಡ್ಕೊಳ್ತಿದ್ದ ಹತ್ತು ಜನರ ಕೌನ್ಸಿಲ್ ಇನ್ನು ಕಾಯೋದು ಬೇಡ ಅಂತ ತೀರ್ಮಾನ ಮಾಡ್ತು.

ಒಪ್ಪಿಸಿದ್ದು ಸ್ವಂತ ಒಡಹುಟ್ಟಿದವನೇ ಅಂತೆ?

ಹೌದು, ಜೋರ್ಜೊ. ವೆನಿಸ್ ಸೈನ್ಯಾಧಿಕಾರಿಯನ್ನೂ ಕಳಿಸ್ತು, ಜೊತೆಗೆ ಇವನನ್ನೂ. ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋ ಉಪಾಯ. ಒಪ್ಪದೇ ಇದ್ರೆ ನೀನು ದ್ರೋಹಿ ಆಗ್ತೀಯ, ಪಿಂಚಣಿ ಇಲ್ಲ, ಮನೆತನ ಮುಳುಗುತ್ತೆ, ಒಪ್ಪಿದ್ರೆ ದೇಶಕ್ಕೆ ಒಂದು ರಾಜ್ಯ ಕೊಟ್ಟ ಕೀರ್ತಿ. ನಾನು ಸತ್ತ ಮೇಲೆ ಹೇಗೂ ನಿಮಗೇ ಬರುತ್ತಲ್ಲ, ಅಷ್ಟೂ ತಡ್ಕೊಳೋಕಾಗಲ್ವಾ ಅನ್ನೋ ಅರ್ಥದಲ್ಲಿ ಅವಳು ತಿರುಗಿಸಿ ಕೇಳಿದ್ಲು ಅಂತ ವೆನಿಸ್‌ನ ಚರಿತ್ರೆಯಲ್ಲೇ ಬರೆದಿದಾರೆ. ಕೊನೆಗೆ ಮಣಿದ್ಲು. ಜೋರ್ಜೊಗೆ ನೈಟ್ ಪದವಿ, ಮುಂದೆ ವೆನಿಸ್‌ನ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಒಡಹುಟ್ಟಿದವನು ಅಂದ್ರೆ ಹಿಂಗಿರ್ಬೇಕು ನೋಡಿ.

ಸೈಪ್ರಸ್ ಬಿಟ್ಟಾಗ ಜನ ಅತ್ತಿದ್ದು ನಿಜಾನಾ?

ಆ ದ್ವೀಪದ್ದೇ ಬರಹಗಾರ ಜಾರ್ಜ್ ಬುಸ್ಟ್ರೋನಿಯೊಸ್ ಬರೆದಿದಾನೆ. 1489ರ ಫೆಬ್ರವರಿ 15ಕ್ಕೆ ಕಪ್ಪು ರೇಷ್ಮೆ ಉಟ್ಟು ಕುದುರೆ ಮೇಲೆ ನಿಕೋಸಿಯಾ ಬಿಟ್ಲು, ನೈಟ್‌ಗಳು ಕಡಿವಾಣದ ಪಕ್ಕ ನಡ್ಕೊಂಡು ಹೋದ್ರು, ದಾರಿಯುದ್ದಕ್ಕೂ ಅವಳ ಕಣ್ಣೀರು ನಿಲ್ಲಲಿಲ್ಲ, ಜನರೂ ಗೋಳಾಡಿದ್ರು ಅಂತ. ಫೆಬ್ರವರಿ 26ಕ್ಕೆ ಫಾಮಗುಸ್ತಾದಲ್ಲಿ ಸಂತ ಮಾರ್ಕನ ಸಿಂಹದ ಬಾವುಟ ಏರ್ತು, ಮಾರ್ಚ್ 14ಕ್ಕೆ ಹಡಗು ಹೊರಟಿತು. ಅತ್ತಿದ್ದು ಅವಳ ಮೇಲಿನ ಪ್ರೀತಿಗೋ, ಮುಂದೇನೋ ಅನ್ನೋ ಭಯಕ್ಕೋ, ಎರಡೂ ಇರ್ಬಹುದು. ವೆನಿಸ್ ಆಳ್ವಿಕೆ 1571ರಲ್ಲಿ ಆಟೋಮನ್ನರು ಫಾಮಗುಸ್ತಾ ಗೆಲ್ಲೋವರೆಗೂ ನಡೀತು, ಹಳ್ಳಿ ಜೀತದಾಳುಗಳ ಬದುಕೇನೂ ಸುಧಾರಿಸಲಿಲ್ಲ.

## ಅಸೋಲೊ ಮತ್ತೆ ಆಮೇಲೆ

ಒಂದು ದೇಶ ಕಿತ್ಕೊಂಡು ಒಂದು ಊರು ಕೊಟ್ರಾ? ಇದ್ಯಾವ ನ್ಯಾಯ?

ನ್ಯಾಯ ಏನಿಲ್ಲ, ಸೆಟಲ್‌ಮೆಂಟ್. 1489ರ ಜೂನ್‌ನಲ್ಲಿ ವೆನಿಸ್ ತಲುಪಿದಾಗ ಡೋಜ್ ಅಗೊಸ್ತೀನೊ ಬಾರ್ಬರೀಗೊ ಬುಚಿಂತೋರೊ ಅನ್ನೋ ರಾಜಮರ್ಯಾದೆಯ ಬಂಗಾರದ ದೋಣಿಯಲ್ಲೇ ಬಂದು ಕರ್ಕೊಂಡು ಹೋದ, ಸಂತ ಮಾರ್ಕನ ಚರ್ಚಲ್ಲಿ ಕಿರೀಟ ಒಪ್ಪಿಸೋ ಶಾಸ್ತ್ರ ಇನ್ನೊಂದು ಸಲ ಆಯ್ತು. ಬದಲಿಗೆ ಟ್ರೆವೀಸೊ ಬೆಟ್ಟಗಳ ಅಸೋಲೊ, ಮತ್ತೆ ವರ್ಷಕ್ಕೆ 8000 ಡ್ಯುಕಟ್. ತಮಾಷೆ ನೋಡಿ, ಸೈಪ್ರಸ್ ಪರವಾಗಿ ಕೈರೋ ಸುಲ್ತಾನನಿಗೆ ವೆನಿಸ್ ವರ್ಷ ವರ್ಷ ಕಟ್ತಿದ್ದ ಕಪ್ಪವೂ 8000 ಡ್ಯುಕಟ್ಟೇ. ಸುಲ್ತಾನನಿಗೂ ಮಾಜಿ ರಾಣಿಗೂ ಒಂದೇ ರೇಟು.

ಅಲ್ಲಿ ಏನ್ ಮಾಡ್ತಿದ್ಲು ಇಪ್ಪತ್ತು ವರ್ಷ?

ರಾಣಿ ಥರಾನೇ ಇದ್ಲು. ಕಾಗದಗಳಿಗೆ ಜೆರುಸಲೇಂ, ಸೈಪ್ರಸ್, ಅರ್ಮೇನಿಯಾ ರಾಣಿ, ಅಸೋಲೊ ಒಡತಿ ಅಂತಲೇ ಸಹಿ. ಊರಿನ ನ್ಯಾಯ ಪಂಚಾಯ್ತಿ ಅವಳದ್ದೇ. ಕೆಳಗೆ ಅಲ್ತಿವೊಲೆ ಬಯಲಲ್ಲಿ ತೋಟ, ನೀರು, ಬೇಟೆಕಾಡು ಇರೋ ಬಾರ್ಕೊ ಅನ್ನೋ ಬೇಸಿಗೆ ಮನೆ ಕಟ್ಟಿಸಿದ್ಲು, ಅದರದ್ದು ಒಂದು ಪಕ್ಕೆ ಮಾತ್ರ ಈಗ ಉಳಿದಿದೆ. ಕವಿ ಪಿಯೆತ್ರೊ ಬೆಂಬೊ ಇಲ್ಲಿಗೆ ಬಂದುಹೋಗ್ತಿದ್ದ, ಪ್ರೇಮದ ಬಗ್ಗೆ ಅವನು ಬರೆದ ಸಂವಾದ ನಡೆಯೋದು ಇವಳ ಸಖಿಯೊಬ್ಬಳ ಮದುವೆ ಸಂಭ್ರಮದಲ್ಲಿ, 1505ರಲ್ಲಿ ಆಲ್ಡಸ್ ಪ್ರೆಸ್‌ನಲ್ಲಿ ಅಚ್ಚಾಯ್ತು.

1509ರಲ್ಲಿ ವೆನಿಸ್ ವಿರುದ್ಧ ಅರ್ಧ ಯುರೋಪ್ ಒಂದಾಗಿ ಯುದ್ಧಕ್ಕೆ ಬಂದಾಗ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಪಡೆ ಅಸೋಲೊ ಹಿಡೀತು, ಅವಳು ವೆನಿಸ್‌ಗೆ ಓಡಿಬರ್ಬೇಕಾಯ್ತು. ಮರುವರ್ಷ ಜುಲೈ 10ಕ್ಕೆ ತೀರ್ಕೊಂಡ್ಲು. ಶವಯಾತ್ರೆಗೆ ಗ್ರ್ಯಾಂಡ್ ಕೆನಾಲ್ ಅಡ್ಡಕ್ಕೆ ದೋಣಿಗಳನ್ನ ಜೋಡಿಸಿ ಸೇತುವೆ ಮಾಡಿದ್ರು. ಮೈಮೇಲೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಒರಟು ಬಟ್ಟೆ, ಶವಪೆಟ್ಟಿಗೆ ಮೇಲೆ ಕಿರೀಟ.

ನಿಜವಾಗ್ಲೂ ನೋಡೋಕೆ ಹೇಗಿದ್ಲು?

ಗೂಗಲ್ ಮಾಡಿದ್ರೆ ಮೊದಲು ಸಿಗೋದು ಟಿಶಿಯನ್ ಚಿತ್ರ, ಉಫಿಜಿ ಗ್ಯಾಲರಿಯದ್ದು, ಚೆಲುವೆ, ಪಕ್ಕದಲ್ಲಿ ಸಂತ ಕ್ಯಾಥರೀನ್‌ಳ ಚಕ್ರ. ಅದು ಅವಳು ಸತ್ತು ಮೂವತ್ತು ವರ್ಷ ಆದ್ಮೇಲೆ ಬರೆದಿದ್ದು. ನೀವು ನೋಡ್ಬೇಕಾಗಿದ್ದು ಬುಡಾಪೆಸ್ಟ್‌ನಲ್ಲಿರೋ ಜೆಂಟೀಲೆ ಬೆಲ್ಲಿನಿ ಚಿತ್ರ, ಅವಳು ಬದುಕಿದ್ದಾಗಲೇ 1500ರ ಆಸುಪಾಸು ಬರೆದಿದ್ದು. ದುಂಡು ಮುಖ, ಜೋಡಿ ಗಲ್ಲ, ಬಿಗಿ ತುಟಿ, ಮುತ್ತು ಹೊಲಿದ ಕಿರೀಟ, ತೆಳು ಮುಸುಕು, ಭರ್ತಿ ಬಟ್ಟೆ. ಯಾವುದೋ ಮನೆ ಯಜಮಾನಿ ಲೆಕ್ಕ ಕೇಳೋಕೆ ಕೂತಂಗಿದೆ. ಮೂಲೆಯಲ್ಲಿ ಲ್ಯಾಟಿನ್ ಸಾಲುಗಳು ಅವಳೇ ಮಾತಾಡೋ ಥರ ಇವೆ, ವೆನಿಸ್ ಸೆನೆಟ್ ನನ್ನನ್ನ ಮಗಳು ಅನ್ನುತ್ತೆ, ಸೈಪ್ರಸ್ ನನ್ನ ಸೇವೆ ಮಾಡುತ್ತೆ, ನಾನೆಷ್ಟು ದೊಡ್ಡವಳು ನೋಡು, ಆದ್ರೆ ಇಷ್ಟು ಚಿಕ್ಕ ಹಲಗೆ ಮೇಲೆ ನನ್ನ ಮೂಡಿಸಿದ ಬೆಲ್ಲಿನಿ ಕೈ ಇನ್ನೂ ದೊಡ್ಡದು ಅಂತ! ರಾಣಿ ಬಾಯಲ್ಲೇ ತನ್ನ ಜಾಹೀರಾತು ಹಾಕಿಸ್ಕೊಂಡ ಕಲಾವಿದ. ಮುಖ್ಯ ಏನಂದ್ರೆ ಸೈಪ್ರಸ್ ಕೈಬಿಟ್ಟು ಹತ್ತು ವರ್ಷ ಆದ್ಮೇಲೂ ಚಿತ್ರದಲ್ಲಿ ಅದು ಅವಳದ್ದೇ.

ವೆನಿಸ್‌ಗೆ ಹೋದ್ರೆ ಅವಳ ಗುರುತು ಏನಿದೆ?

ಸ್ಯಾನ್ ಸಾಲ್ವದೋರ್ ಚರ್ಚಲ್ಲಿ ಸಮಾಧಿ, ಮೊದಲು ಹೂತಿದ್ದು ಸಾಂತಿ ಅಪೊಸ್ತೊಲಿಯಲ್ಲಿ, ಆಮೇಲೆ ಇಲ್ಲಿಗೆ ತಂದ್ರು. ಸಮಾಧಿ ಮೇಲಿನ ಕೆತ್ತನೆಯಲ್ಲಿ ಅವಳು ಡೋಜ್‌ಗೆ ಕಿರೀಟ ಕೊಡ್ತಿದಾಳೆ, ಸತ್ತ ಮೇಲೂ ಅದನ್ನೇ ಮಾಡಿಸ್ತಿದಾರೆ. ಅವಳು ಹುಟ್ಟಿದ ಮನೆ ಜಾಗದಲ್ಲಿ 18ನೇ ಶತಮಾನದಲ್ಲಿ ಕಟ್ಟಿದ ಕಾ ಕೋರ್ನರ್ ದೆಲ್ಲಾ ರೆಜೀನಾ ಈಗ ಪ್ರಾಡಾ ಫೌಂಡೇಶನ್‌ದು. ಸೆಪ್ಟೆಂಬರ್ ಮೊದಲ ಭಾನುವಾರ ನಡೆಯೋ ದೋಣಿ ಉತ್ಸವದ ಮೆರವಣಿಗೆ ಅವಳು 1489ರಲ್ಲಿ ಬಂದಿದ್ದನ್ನೇ ಆಡಿ ತೋರಿಸುತ್ತೆ.

## ಸ್ವಲ್ಪ ಆಳಕ್ಕೆ

ನಮ್ಮ ಕಡೆಗೂ ಈ ಕಥೆಗೂ ಏನಾದ್ರೂ ಲಿಂಕ್ ಇದ್ಯಾ?

ನೇರವಾಗಿ ಇಲ್ಲ. ವೆನಿಸ್‌ನ ದುಡ್ಡಿನ ಒಂದು ಮೂಲ ಪಶ್ಚಿಮ ಕರಾವಳಿಯ ಮೆಣಸು, ಅದು ಕೆಂಪು ಸಮುದ್ರ, ಅಲೆಕ್ಸಾಂಡ್ರಿಯಾ ದಾಟಿ ಹೋಗ್ತಿತ್ತು, ಆ ದಾರಿ ಕಾಯೋಕೆ ಸೈಪ್ರಸ್ ಬಂದರುಗಳು ಬೇಕಿತ್ತು. ವೆನಿಸ್ ಸೀಮೆಯ ನಿಕೊಲೊ ಕೊಂಟಿ ಅವಳು ಹುಟ್ಟೋ ಮುಂಚೆನೇ ವಿಜಯನಗರ ನೋಡಿ ಹೋಗಿದ್ದ. ಅವಳು ಅಸೋಲೊದಲ್ಲಿದ್ದಾಗಲೇ, 1498ರಲ್ಲಿ, ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದು ಆ ದಾರಿಗೇ ಪೆಟ್ಟು ಕೊಟ್ಟ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ವರ್ಷವೇ ಇವಳು ಅಸೋಲೊ ಬಿಟ್ಟು ಓಡಿದ್ದು, 1509.

ಜೇಮ್ಸ್ ತಂಗಿ ಷಾರ್ಲೆಟ್ ಏನಾದ್ಲು? ಅಸಲಿ ವಾರಸುದಾರಳು ಅವಳೇ ಅಲ್ವಾ?

ಹುಟ್ಟಿನ ಲೆಕ್ಕದಲ್ಲಿ ಅವಳೇ. ರೋಮ್‌ನಲ್ಲಿ ಪೋಪ್ ಆಶ್ರಯದಲ್ಲಿದ್ದು, ಹಕ್ಕನ್ನೆಲ್ಲ 1485ರಲ್ಲಿ ಗಂಡನ ಮನೆತನವಾದ ಸವಾಯ್‌ಗೆ ಬರೆದುಕೊಟ್ಟು, 1487ರಲ್ಲಿ ಸತ್ಲು. ಮುಂದೆ ಇಟಲಿಯ ರಾಜರಾದವರು ಇದೇ ಸವಾಯ್ ಮನೆತನದವರು, ಅವರೂ ಬಿರುದುಗಳಲ್ಲಿ ಸೈಪ್ರಸ್, ಜೆರುಸಲೇಂ ರಾಜ ಅಂತ ಹಾಕ್ಕೊಳ್ತಾನೇ ಇದ್ರು.

ಒಪೆರಾದಲ್ಲೆಲ್ಲ ಬರೋ ಪ್ರೇಮಕಥೆ ನಿಜಾನಾ?

ಇಲ್ಲ. 1840ರ ದಶಕದಲ್ಲಿ ಅಲೆವಿ, ಲಾಖ್ನರ್, ಡೊನಿಜೆಟ್ಟಿ ಅನ್ನೋ ಸಂಗೀತಗಾರರೆಲ್ಲ ಇವಳ ಕಥೆ ಮೇಲೆ ಬಿದ್ರು. ಮದುವೆ ದಿನ ಪ್ರಿಯಕರನ್ನ ಬಿಡಿಸ್ತಾರೆ, ರಾಜನಿಗೆ ವಿಷ, ಕಣ್ಣೀರು. ಸಂಗೀತ ಚೆನ್ನಾಗಿದೆ, ಕೇಳಿ.

ಇದನ್ನೆಲ್ಲ ಬರೆದಿಟ್ಟವರು ಯಾರು, ಎಷ್ಟು ನಂಬಬಹುದು?

ಯಾರು ಎಲ್ಲಿ ಕೂತು ಬರೆದ್ರು ಅಂತ ನೋಡ್ಕೊಂಡು ನಂಬಿ. ಬುಸ್ಟ್ರೋನಿಯೊಸ್ ಜೇಮ್ಸ್‌ನ ಕಡೆಯವನು, ಸೈಪ್ರಸ್‌ನ ಆಡುಮಾತಿನ ಗ್ರೀಕಲ್ಲಿ ಬರೆದವನು, ಅವನಿಗೆ ವೆನಿಸ್ ಹೊರಗಿನವರು. ಹಂಗಾಗಿ ಅಳು ಅವನ ಬರಹದಲ್ಲಿ ಜೋರಾಗಿ ಕೇಳುತ್ತೆ. ಕವಿ ಬೆಂಬೊ ಅವಳ ಮನೇಲಿ ಉಂಡವನು, ಮುಂದೆ ವೆನಿಸ್ ಸರ್ಕಾರದ ಅಧಿಕೃತ ಚರಿತ್ರೆಕಾರನೂ ಆದ, ಅವನಲ್ಲಿ ಅವಳು ಕೊನೆಗೆ ಮರ್ಯಾದೆಯಿಂದ ಒಪ್ಕೊಳ್ತಾಳೆ. ಮರೀನ್ ಸನೂದೊ ದಿನಚರಿ ಬರೀತಿದ್ದವನು, ಅಂತ್ಯಕ್ರಿಯೆಯಂಥ ವಿಷಯಕ್ಕೆ ಅವನೇ ಬೆಸ್ಟ್. ನಾನಾದ್ರೆ ಇವರೆಲ್ಲರಿಗಿಂತ ಮೊದಲು ನೋಡೋದು ದುಡ್ಡಿನ ಕಾಗದಗಳನ್ನ. ವರದಕ್ಷಿಣೆ, ಎಪಿಸ್ಕೋಪಿ ತೋಟ, ಕೌನ್ಸಿಲರ್‌ಗಳ ಖಜಾನೆ, 8000 ಡ್ಯುಕಟ್ ಪಿಂಚಣಿ, ಇಷ್ಟನ್ನ ಸಾಲಾಗಿ ಇಟ್ರೆ ಯಾರು ಯಾವಾಗ ಯಾಕೆ ಹಂಗೆ ನಡ್ಕೊಂಡ್ರು ಅಂತ ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತೆ.